ಗಾಲಿಗೆ ಅಡ್ಡ ಇಟ್ಟ ಕಲ್ಲು

ಸ್ಕೂಲ್ ಬಸ್ಸಿನ ಡ್ರೈವರ್ ಮಾದಣ್ಣನಿಗೆ ಒಂದು ಅಭ್ಯಾಸ. ಬಸ್ಸು ಎಲ್ಲೇ ನಿಲ್ಲಲಿ, ಇಳಿದು ಗಾಲಿಗೆ ಅಡ್ಡ ಒಂದು ಕಲ್ಲು ಇಡುತ್ತಿದ್ದ. ಬಸ್ಸಿನ ಹ್ಯಾಂಡ್‌ಬ್ರೇಕ್ ಕೆಟ್ಟಿತ್ತು, ಎಳೆದರೂ ಹಿಡಿಯುತ್ತಿರಲಿಲ್ಲ. ಮಕ್ಕಳು ಇಳಿಯುವಾಗ ಬಸ್ಸು ಜಾರಿದರೆ ಏನು ಗತಿ ಎಂದು ಸ್ಕೂಲಿನ ಸೆಕ್ರೆಟರಿ ನಂಜರಾಜಯ್ಯನವರಿಗೆ ಮೂರು ಸಲ ಹೇಳಿ ಬೈಸಿಕೊಂಡಿದ್ದ.

ಆಯುಧಪೂಜೆಯ ಬೆಳಿಗ್ಗೆ ಸೆಕ್ರೆಟರಿ ರೇಷ್ಮೆ ಪಂಚೆಯುಟ್ಟು, ಒಬ್ಬ ಫೋಟೋದವನನ್ನೂ ಕರೆದುಕೊಂಡು ಬಂದರು. ಗೇಟಿನ ಮುಂದಿನ ಇಳಿಜಾರಿನಲ್ಲಿ ಬಸ್ಸು ಬಾಳೆಕಂದು ಕಟ್ಟಿಸಿಕೊಂಡು ನಿಂತಿತ್ತು; ಪೂಜೆ ನೋಡಲು ಪೇರೆಂಟ್ಸ್ ಸೇರಿದ್ದರು.

"ಏನಯ್ಯ ಇದು, ಪೇರೆಂಟ್ಸ್ ಎದುರಿಗೆ ಕಲ್ಲು? ಬ್ರೇಕ್ ಸರಿಯಾಗೇ ಇದೆ. ತೆಗಿ ಅದನ್ನ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ತೆಗೀತೀನಿ ಸಾರ್," ಅಂದ ಮಾದಣ್ಣ. ಬೂದುಗುಂಬಳಕಾಯಿ ತಂದು ಅವರ ಕೈಗಿಟ್ಟ. "ಯಜಮಾನ್ರೇ ಒಡೀಬೇಕು, ಪದ್ಧತಿ. ಬಸ್ಸಿನ ಮುಂದೆ ನಿಂತ್ಕೊಳ್ಳಿ. ಇನ್ನೂ ಹತ್ರ. ಹಾಂ, ಸರಿಯಾಗಿ ನಡುಮಧ್ಯಕ್ಕೆ."

ಸೆಕ್ರೆಟರಿ ಫೋಟೋದವನ ಕಡೆ ನೋಡಿ ನಕ್ಕು ಕುಂಬಳಕಾಯಿ ಎತ್ತಿದರು. ಮಾದಣ್ಣ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕಲ್ಲಿಗೆ ಕೈ ಹಾಕಿದ.

"ಈಗ ತೆಗೀಲಾ ಸಾರ್?"

ನಗು ಅಲ್ಲೇ ನಿಂತಿತು. ಸೆಕ್ರೆಟರಿ ಬಸ್ಸನ್ನು ನೋಡಿದರು, ಬೆನ್ನ ಹಿಂದಿನ ಇಳಿಜಾರನ್ನು ನೋಡಿದರು.

"ತಡಿ! ತಡಿಯೋ ಮಾರಾಯ!"

ಪಂಚೆ ಎತ್ತಿಕೊಂಡು ಪಕ್ಕಕ್ಕೆ ಹಾರಿದರು. ಕುಂಬಳಕಾಯಿ ತಾನೇ ಬಿದ್ದು ಒಡೆಯಿತು.

"ಯಾಕೆ ಸಾರ್, ಬ್ರೇಕ್ ಸರಿಯಾಗೇ ಇದೆಯಲ್ಲ?"

ಪೇರೆಂಟ್ಸ್ ನಗಲಿಲ್ಲ, ಸೆಕ್ರೆಟರಿಯನ್ನೇ ನೋಡಿದರು. ಅಲ್ಲಿಂದಲೇ ಮೆಕ್ಯಾನಿಕ್‌ಗೆ ಫೋನು ಹೋಯಿತು.

ಮಾದಣ್ಣ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಚೆಂಡುಹೂವು ಇಟ್ಟು ಕೈಮುಗಿದ. ಫೋಟೋದವನು ಕ್ಯಾಮೆರಾ ಅತ್ತ ತಿರುಗಿಸಿದ. ಸೆಕ್ರೆಟರಿ ಮೆಲ್ಲಗೆ ಬಗ್ಗಿ ಮಾದಣ್ಣನ ಕಿವಿಯಲ್ಲಿ ಹೇಳಿದರು:

"ಮಾದಣ್ಣ, ಕಲ್ಲಿಗೆ ಸ್ವಲ್ಪ ಅಡ್ಡ ನಿಂತ್ಕೊಳ್ಳಪ್ಪ."