ಎಮ್ಮೆಯ ಬೆನ್ನ ಮೇಲಿನ ಕಾಗೆ

ಮೀನು ಮಾರುಕಟ್ಟೆ ಮುಚ್ಚಿದ್ದರಿಂದ ಕಾಗೆಯೊಂದರ ಹೊಟ್ಟೆಪಾಡು ತಪ್ಪಿತು. ಬೇರೆ ಕೆಲಸ ಸಿಗುವವರೆಗೆ ಬಳಗವೇ ದಿನವೂ ಅದಕ್ಕೊಂದು ಪಾಲು ಎತ್ತಿಡುತ್ತಿತ್ತು. ಒಂದು ದಿನ ಎಮ್ಮೆಯೊಂದು, "ದಿನಾ ಮಧ್ಯಾಹ್ನದವರೆಗೆ ನನ್ನ ಮೈಯ ರಕ್ತ ಹೀರುವ ಉಣ್ಣೆ ಹೆಕ್ಕು, ಹೆಕ್ಕಿದ್ದೆಲ್ಲ ನಿನ್ನದು" ಎಂದಿತು. ಮೊದಲ ಉಣ್ಣೆ ಸಿಕ್ಕಿದ್ದೇ ಕಾಗೆ ಬಳಗವನ್ನು ಕರೆಯಲು ಕೊರಳೆತ್ತಿತು.

"ಸುಮ್ಮನಿರು ಮಾರಾಯ! ಗೊತ್ತಾದರೆ ನಿನ್ನ ಪಾಲು ಕಡಿಮೆ ಮಾಡುತ್ತಾರೆ" ಎಂದಿತು ಪಕ್ಕದ ಬೆಳ್ಳಕ್ಕಿ.

"ಮಾಡಲಿ. ಕರೆಯದೆ ತಿಂದರೆ ನಾನೆಂಥ ಕಾಗೆ?" ಎಂದು ಕಾಗೆ ಕೂಗಿಯೇಬಿಟ್ಟಿತು.

ಆಕಾಶ ಕಪ್ಪಾಗುವಷ್ಟು ಕಾಗೆಗಳು ಬಂದಿಳಿದವು. ಹಿರಿಯ ಕಾಗೆ ಉಣ್ಣೆಯನ್ನು ನೋಡಿ, "ಇನ್ನು ನಿನಗೆ ಅರ್ಧ ಪಾಲು ಸಾಕು, ಉಳಿದರ್ಧ ನಮ್ಮ ಬಳಗದಲ್ಲಿ ರೆಕ್ಕೆ ಮುರಿದುಕೊಂಡು ಕೂತವಳಿಗೆ. ಎಮ್ಮೆ ಬೇಡವೆಂದ ದಿನ ಮತ್ತೆ ಕೂಗು, ಪೂರ್ತಿ ಕೊಡುತ್ತೇವೆ" ಎಂದಿತು.

ಬೆಳ್ಳಕ್ಕಿ ಬೆರಗಾಗಿ ನಿಂತಿತು. ಹುಳವೊಂದು ಸಿಕ್ಕಾಗ ತಾನೂ ಕೂಗಲೆಂದು ಕೊಕ್ಕು ತೆರೆಯಿತು. ಯಾರನ್ನು ಕರೆಯಬೇಕೆಂದು ಅದಕ್ಕೆ ತಿಳಿಯಲಿಲ್ಲ.