ಬೀಗ ಹಾಕೋ ಆಳು ರಾಮಲಿಂಗ

ಕೇಳ್ರಪ್ಪಾ, ಹೂಂಗುಟ್ಟೋರು ಮುಂದಕ್ಕೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ನೇಕಾರರ ಬೀದೀಲಿ ಚೌಡಮ್ಮ ಅಂತ ಒಬ್ಬಳಿದ್ಲು. ಸೀರೆ ಅಂಚಿನ ಚಿತ್ರ ಬರೆಯೋದರಲ್ಲಿ ಎತ್ತಿದ ಕೈ. ಅವಳಿಗೊಬ್ಬ ಮಗ, ರಾಮಲಿಂಗ. ಆಳು ಬಾಗಿಲೆತ್ತರ, ಬುದ್ಧಿ ಮಾತ್ರ ಹೊಸಿಲು ದಾಟಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವಳ ಕರ್ಮ!

ಎದುರು ಮನೇಲಿ ಮಾರ್ಕಂಡಿ. ಚೌಡಮ್ಮ ದಾವಣಗೆರೆ ಸಾಹುಕಾರರಿಗೆ ಫೋನಲ್ಲಿ ಚಿತ್ರ ಕಳಿಸಿದರೆ ಸಾಕು, ಗಾಳಿಯಲ್ಲಿ ಹೋಗೋ ಚಿತ್ರವನ್ನ ನಡುವೆಯೇ ಹಿಡಿದು ತನ್ನ ಮಗ್ಗದಲ್ಲಿ ಮೊದಲು ನೇಯ್ದುಬಿಡೋನು. ಅಂಥಾ ಗಂಟುಕಳ್ಳ! "ಈ ಸಲದ ಹಂಸದ ಅಂಚೂ ಕಳುವಾದ್ರೆ ನಿಮ್ಮ ಹತ್ರ ಇನ್ನು ಬರೆಸೋದಿಲ್ಲಮ್ಮ," ಅಂದುಬಿಟ್ಟಿದ್ರು ಸಾಹುಕಾರರು. ಅದಕ್ಕೇ ಗುಟ್ಟಿನ ಮಾತು ಗೊತ್ತಿದ್ದೋರಿಗೆ ಮಾತ್ರ ತೆರೆಯೋ ಹಾಗೆ ಚಿತ್ರಕ್ಕೆ ಬೀಗ ಹಾಕಿ ಕಳಿಸೋ ಅಂಗೈಯಗಲದ ಕಂಪ್ಯೂಟರು ಬೇಕಾಗಿತ್ತು.

"ಲೋ ಮಗ, ಬಾಬಾಜಾನ್ ಅಂಗಡೀಲಿ ಚುರುಕಾಗಿರೋದೊಂದು ತಗೊಂಡ್ ಬಾ!"

"ಆಗ್ಲವ್ವ!"

ಬಾಬಾಜಾನ್ ಎರಡು ಮುಂದಿಟ್ಟ. "ಇದು ಬಲು ಚುರುಕು. ಆದ್ರೆ ಎಲ್ಲಾ ಕೆಲಸಾನೂ ಒಂದೇ ತಲೇಲಿ ಮಾಡ್ಬೇಕು. ಇದು ನಿಧಾನ. ಆದ್ರೆ ಬೀಗ ಹಾಕೋಕೇ ಅಂತ ಪಕ್ಕದಲ್ಲಿ ಬೇರೆ ಚಿಪ್ ಐತೆ. ನಿಮ್ಮನೆ ಸೋಲಾರ್ ಬ್ಯಾಟರಿಗೆ ಇದೇ ಸರಿ ಕಣಪ್ಪ."

"ಅವ್ವ ಚುರುಕು ಅಂದವ್ಳೆ! ಚುರುಕೇ ಕೊಡು!"

ತಂದ. ಹಚ್ಚಿದರು. ಬೀಗ ಹಾಕೋಕೆ ಕೂತಿದ್ದೇ ತಡ, ಅದು ಬುಸಬುಸ ಅಂತು, ದೋಸೆ ಕಾವಲಿ ಹಂಗೆ ಕಾಯ್ತು, ಬ್ಯಾಟರೀನೆಲ್ಲ ಕುಡಿದು ಅರ್ಧಕ್ಕೇ ಮಲಗಿಬಿಡ್ತು. ಮನೆ ದೀಪವೂ ಅದರ ಜೊತೇಲೇ ಹೋಯ್ತು.

"ಅಯ್ಯೋ ಪೆದ್ದಪ್ಪ! ಎಲ್ಲಾ ಒಬ್ಬನೇ ಮಾಡಿದ್ರೆ ಸುಸ್ತಾಗದೆ ಇರ್ತಾನೇನೋ? ಒಂದು ಕೆಲಸಕ್ಕೆ ಒಂದು ಆಳು! ತಲೇಲಿಟ್ಕೋ! ಹೋಗು, ಬೀಗಕ್ಕೇ ಬೇರೆ ಆಳಿರೋದನ್ನ ತಾ!"

"ಆಗ್ಲವ್ವ!"

ಹೋದ, ಬದಲಾಯಿಸಿದ, ಬಂದ. ಹೆಂಗೆ ಬಂದ ಅಂತೀರಿ? ಕಂಪ್ಯೂಟರು ಹೊರೋಕೆ ಒಬ್ಬ ಆಳು. ಅದರ ವೈರು ಹಿಡಿಯೋಕೆ ಇನ್ನೊಬ್ಬ. ಮುಂದೆ ನಿಂತು "ದಾರಿ ಬಿಡ್ರೋ" ಅನ್ನೋಕೆ ಮತ್ತೊಬ್ಬ. ರಾಮಲಿಂಗ ಹಿಂದೆ ಕೈ ಬೀಸ್ಕೊಂಡು! ಮೂವರೂ ಸೀದಾ ಬಂದು ಪಂಕ್ತಿಗೆ ಕೂತರು. ಚೌಡಮ್ಮ ಮುದ್ದೆ ತೊಳಸ್ತಾ ಬೈದಳು, ಬೈತಾ ತೊಳಸಿದಳು.

"ನೀನೊಬ್ಬನೇ ಮಾಡೋ ಕೆಲಸಕ್ಕೆ ಊರೆಲ್ಲ ಯಾಕೋ? ಆ ಚಿತ್ರಕ್ಕಾದ್ರೂ ಬೀಗ ಹಾಕಿಸಿ ಕಳಿಸು, ಹೋಗು!"

ಒಲೆ ಮೇಲಿನ ಹಾಲು ಉಕ್ಕೋ ಮೊದಲೇ ರಾಮಲಿಂಗ, "ಆಯ್ತವ್ವ!" ಅಂದ. ಚೌಡಮ್ಮ ಕಂಪ್ಯೂಟರು ಮುಟ್ಟಿ ನೋಡಿದಳು. ಮಡಕೆ ಹಂಗೆ ತಣ್ಣಗಿದೆ! ಬ್ಯಾಟರಿ ತುಂಬಿದ ಹಾಗೇ ಇದೆ! ಅವಳ ಕಣ್ಣು ತುಂಬಿ ಬಂತು. ಮಗನನ್ನ ಹತ್ತಿರ ಕರೆದು, ಬೀಗ ತೆಗೆಯೋಕೆ ತಾನು ಮೊದಲೇ ಇಟ್ಟಿದ್ದ ಗುಟ್ಟಿನ ಮಾತನ್ನ ಕಿವಿಯಲ್ಲಿ ಹೇಳಿದಳು. "ಮೂಗುತಿ ಮೇಲೆ ಮೂರು ಇರುವೆ. ಫೋನಲ್ಲಿ ಹೇಳಿದ್ರೆ ಮಾರ್ಕಂಡಿ ಹಿಡಿದಾನು, ನೀನೇ ಸಾಹುಕಾರರ ಹತ್ರ ಹೋಗಿ ಬಾ. ಎಲ್ಲೂ ಬಾಯಿ ಬಿಡಬೇಡ!"

"ಆಗ್ಲವ್ವ!"

ಬಾಯಿ ಬಿಡಲಿಲ್ಲ. ಸಾಹುಕಾರರು ಗುಟ್ಟಿನ ಮಾತು ಕೇಳಿದರು, ಬಾಯಿ ಬಿಡಲಿಲ್ಲ. ನೀರು ಕೊಟ್ಟರು, ಬಾಯಿ ಬಿಡಲಿಲ್ಲ. ಬೆಣ್ಣೆದೋಸೆ ತರಿಸಿ ಮೂಗಿನ ಕೆಳಗೇ ಹಿಡಿದರು. ಕಣ್ಣಲ್ಲಿ ಧಾರಾಕಾರ ನೀರು ಸುರಿಸಿಕೊಂಡು, ಬಾಯಿ ಮುಚ್ಚಿಕೊಂಡೇ ವಾಪಸು ಬಂದ ಪಾಪ!

"ನಿನ್ನ ಹೆತ್ತ ಹೊಟ್ಟೆಗಿಷ್ಟು ಬೆಂಕಿ ಬೀಳ! ಕೇಳಿದೋರಿಗೆ ಹೇಳಬೇಕಲ್ಲೋ! ಕೇಳಿದ ತಕ್ಷಣ ಹೇಳಿಬಿಡು!"

"ಆಗ್ಲವ್ವ!"

ಮತ್ತೆ ಬಸ್ಸು ಹತ್ತಿದ. "ಎಲ್ಲಿಗ್ರೀ?" ಅಂದ ಕಂಡಕ್ಟರು.

"ಮೂಗುತಿ ಮೇಲೆ ಮೂರು ಇರುವೆ!"

ಹಿಂದಿನ ಸೀಟಲ್ಲಿ ಯಾರು ಕೂತಿದ್ರು? ನೀವೇ ಹೇಳಿ! ಮಾರ್ಕಂಡಿ! ಬೀಗ ಹಾಕಿ ಕಳಿಸಿದ್ದರ ನಕಲನ್ನ ಆಗಲೇ ಹಿಡಿದಿಟ್ಟಿದ್ದ. ಗುಟ್ಟಿನ ಮಾತು ಕಿವಿಗೆ ಬಿದ್ದಿದ್ದೇ ಬಸ್ಸಿಂದ ಹಾರಿ ಮನೆಗೆ ಓಡಿ ಬೀಗ ತೆಗೆದ. ಒಳಗೆ ಏನೂ ಇಲ್ಲ. ಹಂಸವೂ ಇಲ್ಲ, ರೆಕ್ಕೆಯೂ ಇಲ್ಲ, ಬಟಾಬಯಲು! ಮಾರ್ಕಂಡಿ ಮೀಸೆ ತಿರುವಿದ. "ಓಹೋ! ಖಾಲಿ ಅಂಚೇ ಈಗಿನ ಫ್ಯಾಷನ್ನು!" ಅಂದು ಇದ್ದ ಮಗ್ಗಕ್ಕೆಲ್ಲ ಖಾಲಿ ಅಂಚು ಏರಿಸಿಬಿಟ್ಟ.

ಅಷ್ಟರಲ್ಲಿ ಸಾಹುಕಾರರ ಫೋನು. "ಏನಮ್ಮ ಚೌಡಮ್ಮ, ತೆಗೆದರೆ ಖಾಲಿ ಐತಲ್ಲಮ್ಮ!"

ಮಗ ಬರೋದನ್ನೇ ಕಾದು ಚೌಡಮ್ಮ ಕಿವಿ ಹಿಂಡಿದಳು. "ಚಿತ್ರ ಎಲ್ಲೋ?"

"ಚಿತ್ರ ಯಾಕವ್ವ? ಅದು ಬೀಗ ಹಾಕೋ ಆಳು. ಒಂದು ಕೆಲಸಕ್ಕೆ ಒಂದು ಆಳು ಅಂದ್ಯಲ್ಲ! ಬರೀ ಬೀಗ ಹಾಕಿಸ್ದೆ!"

ಚೌಡಮ್ಮ ಅಳಬೇಕು ಅಂದ್ಕೊಂಡವಳು ನಕ್ಕುಬಿಟ್ಟಳು. ತಾನೇ ಕೂತು ಹಂಸವನ್ನ ಒಳಗಿಟ್ಟು ಬೀಗ ಹಾಕಿಸಿದಳು. ಚಿತ್ರ ತುಂಬಿದ್ದರೂ ಹಾಲು ಉಕ್ಕೋ ಮೊದಲೇ ಕೆಲಸ ಮುಗೀತು, ತಣ್ಣಗೇ ಇತ್ತು! ಗುಟ್ಟಿನ ಮಾತು ಮಾತ್ರ ಬದಲಾಯಿಸಿದಳು. ಯಾರ ಊಹೆಗೂ ಬಾರದ ಮಾತು. ಚಿತ್ರ ಕಳಿಸಿ, ಆ ಮಾತನ್ನ ಮಗನ ಕಿವಿಗೂ ಹಾಕಿ, ಸಾಹುಕಾರರಿಗೆ ಖುದ್ದು ಹೇಳೋಕೆ ಹೊರಟಳು.

"ಬಾಗಿಲಿಗೆ ಬೀಗ ಹಾಕ್ಕೊಂಡು ಒಳಗೇ ಇರು. ಗುಟ್ಟಿನ ಮಾತು ಹೇಳದೆ ಇದ್ರೆ ಯಾರನ್ನೂ ಬಿಡಬೇಡ!"

"ಆಗ್ಲವ್ವ!"

ಸಾಹುಕಾರರು ಬೀಗ ತೆಗೆದರು, ಹಂಸ ನೋಡಿ ಕುಣಿದರು, ಮಗ್ಗಕ್ಕೂ ಏರಿಸಿದರು. ಚೌಡಮ್ಮ ಹಿಗ್ಗಿ ಹೀರೇಕಾಯಾಗಿ ಮನೆಗೆ ಬಂದು ಬಾಗಿಲು ತಟ್ಟಿದಳು.

"ಯಾರು?"

"ನಾನು ಕಣೋ, ನಿಮ್ಮವ್ವ!"

"ಗುಟ್ಟಿನ ಮಾತು ಹೇಳು!"

"ಲೋ, ಬೀದೀಲಿ ಜನ ಅವ್ರೆ ಕಣೋ!"

"ಹೇಳದೆ ಇದ್ರೆ ಬಿಡಬೇಡ ಅಂದವ್ಳೆ ಅವ್ವ!"

ಕಾಡಿದಳು, ಬೇಡಿದಳು, ಬಾಗಿಲು ಗುದ್ದಿದಳು. ಬೀದಿ ಜನವೆಲ್ಲ ಸೇರಿತು. ಖಾಲಿ ಅಂಚಿನ ಸೀರೆ ಹೆಗಲ ಮೇಲೆ ಹಾಕಿಕೊಂಡು ಮಾರ್ಕಂಡಿಯೂ ಬಂದ. ಕೊನೆಗೆ ಚೌಡಮ್ಮ ಕಣ್ಣು ಮುಚ್ಚಿ ಕೂಗಿದಳು:

"ಚೌಡಮ್ಮ ಕದ್ದು ಬೆಲ್ಲ ತಿಂತಾಳೆ!"

ಬೀದಿಗೆ ಬೀದಿಯೇ ಗೊಳ್ಳೆಂದಿತು.

"ಮಾತು ಸರಿಯಾಗೈತವ್ವ!" ಅಂದ ಒಳಗಿಂದ ರಾಮಲಿಂಗ.

"ಹಂಗಾದ್ರೆ ಬೀಗ ತೆಗಿಯೋ!"

"ನಾನು ಬೀಗ ಹಾಕೋ ಆಳು ಕಣವ್ವ! ತೆಗೆಯೋಕೆ ಬೇರೆ ಆಳು ಕರ್ಕೊಂಡ್ ಬಾ!"