ಅರುಂಧತಿ ಕಂಡಳೇ?

ಶಿಷ್ಯ ಕೇಳಿದ: "ಗುರುಗಳೇ, ಧ್ಯಾನದಲ್ಲಿ ಬೆಳಕು ಕಾಣುತ್ತದೆ ಎಂದು ಮಠದಲ್ಲಿ ಎಲ್ಲರೂ ಹೇಳುತ್ತಾರೆ. ಮೂರು ವರ್ಷ ಕುಳಿತರೂ ನನಗೆ ಕಂಡಿಲ್ಲ. ಹೊಸದಾಗಿ ಬಂದವನೊಬ್ಬ ನಿನ್ನೆ, ನಿಮಗೆ ಕಾಣುತ್ತದೆಯೇ ಎಂದು ಕೇಳಿದ. ಕಾಣುತ್ತದೆ ಎಂದುಬಿಟ್ಟೆ. ಆಗಿನಿಂದ ಕುಳಿತರೆ ಏಳಬೇಕು, ಎದ್ದರೆ ಕೂರಬೇಕು ಎನಿಸುತ್ತಿದೆ. ಆಡಿದ್ದು ಒಂದೇ ಮಾತು. ಅದರಿಂದ ಯಾರಿಗೇನು ನಷ್ಟ?"

ಗುರು ಹೇಳಿದರು: "ನಷ್ಟದ ಮಾತು ಆಮೇಲೆ. ಚಡಪಡಿಸದೆ ಕೂತು ಇದನ್ನು ಕೇಳು."

ಒಂದು ಊರಿನಲ್ಲಿ ಒಬ್ಬ ಪುರೋಹಿತನಿದ್ದ. ಮದುವೆ ಮಾಡಿಸುವುದು ಅವನ ವೃತ್ತಿ. ತಾಳಿ ಕಟ್ಟಿದ ಮೇಲೆ ವಧೂವರರನ್ನು ಅಂಗಳಕ್ಕೆ ಕರೆತಂದು ಆಕಾಶಕ್ಕೆ ಬೆರಳು ತೋರಿಸಿ, 'ಅರುಂಧತಿ ಕಂಡಳೇ?' ಎಂದು ಕೇಳುತ್ತಿದ್ದ. 'ಕಂಡಳು' ಎಂದು ಅವರು ಹೇಳುತ್ತಿದ್ದರು. ನಡುಹಗಲಿನಲ್ಲಿ ಯಾವ ನಕ್ಷತ್ರ ಎಂದು ಯಾರೂ ಕೇಳಿದವರಲ್ಲ.

ಆ ಊರಿಗೆ ದೀಪದ ಹುಚ್ಚು ಹಿಡಿಯಿತು. ಕತ್ತಲಾದ ಮೇಲೂ ಬೀದಿಯಲ್ಲಿ ಕೂತು ಅಕ್ಕಿಯ ಕಲ್ಲು ಆರಿಸಬಹುದಿತ್ತು. ಆಗ ಶಾಲೆಯ ಉಪಾಧ್ಯಾಯಿನಿಯೊಬ್ಬಳು ಮನೆಮನೆಗೆ ಚೀಟಿ ಹಂಚಿದಳು. ಅಮಾವಾಸ್ಯೆಯ ಸಂಜೆ ಮಾಳಿಗೆ ಹತ್ತಿ, ಸಪ್ತರ್ಷಿಗಳಲ್ಲಿ ಎಷ್ಟು ನಕ್ಷತ್ರ ಕಂಡವು, ವಸಿಷ್ಠನ ಪಕ್ಕದಲ್ಲಿ ಅರುಂಧತಿ ಕಂಡಳೇ ಎಂದು ಬರೆದುಕೊಡಬೇಕು. ಊರವರ ಕಣ್ಣೇ ಅಳತೆಗೋಲು. ಕಾಣಲಿಲ್ಲ ಎಂದಾದರೆ ದೀಪಗಳಿಗೆ ಮರೆ ಹಾಕಿಸಲು ಪುರಸಭೆ ಒಪ್ಪಿತ್ತು.

ಪುರೋಹಿತ ಮಾಳಿಗೆ ಹತ್ತಿದ. ವಸಿಷ್ಠ ಮಸುಕಾಗಿ ಕಂಡ. ಪಕ್ಕದಲ್ಲಿ ಅರುಂಧತಿ ಇಲ್ಲ. ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡು ನೋಡಿದ. ಇಲ್ಲ. 'ಅರುಂಧತಿ ಕಾಣದವನಿಗೆ ಆರೇ ತಿಂಗಳು ಆಯುಸ್ಸು' ಎಂಬ ಹಳೆಯ ಮಾತು ನೆನಪಾಯಿತು. ಪಕ್ಕದ ಮಾಳಿಗೆಯಲ್ಲಿ ಜವಳಿ ವ್ಯಾಪಾರಿ ನಿಂತಿದ್ದ. 'ಕಂಡಳೇ ಶೆಟ್ಟರೇ?' ಎಂದು ಪುರೋಹಿತ ಕೇಳಿದ. 'ಕಂಡಳು, ಕಂಡಳು' ಎಂದ ವ್ಯಾಪಾರಿ. ಹಾಗಾದರೆ ತಪ್ಪು ದೀಪದ್ದಲ್ಲ, ಸಾಯುವವನು ತಾನೊಬ್ಬನೇ. ಪುರೋಹಿತ ಚೀಟಿಯಲ್ಲಿ 'ಕಂಡಳು' ಎಂದು ಬರೆದ.

ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ, ಮಂತ್ರ ತಪ್ಪತೊಡಗಿತು. ಅವನಿಗೆ ಓದುವ ಮಗಳಿದ್ದಳು. ಇನ್ನೆರಡು ವರ್ಷ ಮದುವೆ ಬೇಡ ಎಂದಿದ್ದಳು. ತಾನು ಕಣ್ಣು ಮುಚ್ಚುವುದರೊಳಗೆ ಅವಳಿಗೊಂದು ನೆಲೆಯಾಗಲಿ ಎಂದು, ಮೊದಲು ಬಂದ ಸಂಬಂಧಕ್ಕೆ ಹಿಂದುಮುಂದು ನೋಡದೆ ಒಪ್ಪಿಬಿಟ್ಟ. ಮಗಳು ಅತ್ತಳು, ಏಕೆ ಈ ಅವಸರ ಎಂದು ಕೇಳಿದಳು. ಅವನು ಪಂಚಾಂಗ ಬಿಚ್ಚಿ ಮುಹೂರ್ತ ಹುಡುಕಿದ. ತಿಂಗಳೊಳಗೆ ಮದುವೆಯಾಯಿತು. ಅಂದೂ ಬೆರಳು ತೋರಿಸಿ ಕೇಳಿದವನು ಅವನೇ. ಮಗಳು ಆಕಾಶ ನೋಡಲಿಲ್ಲ. ಅಪ್ಪನ ಬತ್ತಿದ ಮುಖ ನೋಡಿ 'ಕಂಡಳು' ಎಂದಳು.

ಮದುವೆ ಮುಗಿದ ವಾರಕ್ಕೆ, ಒಂದು ರಾತ್ರಿ ಉಪಾಧ್ಯಾಯಿನಿ ಬಂದಳು. 'ಶಾಸ್ತ್ರಿಗಳೇ, ನನ್ನದೊಂದು ಬಿಟ್ಟು ನಾನೂರು ಚೀಟಿಯಲ್ಲೂ ಕಂಡಳು ಅಂತಲೇ ಇದೆ. ಆಕಾಶ ಚೆನ್ನಾಗಿದೆ ಅಂತ ಪುರಸಭೆಯವರು ಇನ್ನೂ ನಾಲ್ಕು ದೀಪ ಹಾಕಿಸ್ತಿದ್ದಾರೆ. ನನಗೆ ಮಾತ್ರ ಕಾಣಲಿಲ್ಲ. ನೀವೇ ತೋರಿಸಿಕೊಡಿ.'

ರೂಢಿಯಂತೆ ಅವನ ಬೆರಳು ಮೇಲೆದ್ದಿತು. ಅರ್ಧಕ್ಕೇ ನಿಂತಿತು. 'ಕಾಣಲಿಲ್ಲ ಅಂತ ಬರೆಯೋಕೆ ನಿಮಗೆ ಭಯ ಆಗಲಿಲ್ಲವೇನಮ್ಮ?' ಎಂದ.

'ಭಯ ಯಾಕೆ? ಬೀದಿ ದೀಪ ಹೀಗೆ ಕಣ್ಣಿಗೆ ಹೊಡೀತಿದ್ರೆ ಯಾರಿಗೆ ತಾನೇ ಕಾಣುತ್ತೆ?'

ಪುರೋಹಿತ ಪಕ್ಕದ ಮನೆಗೆ ಓಡಿದ. ವ್ಯಾಪಾರಿ ಅವಸರದಲ್ಲಿ ಆಸ್ತಿ ಪಾಲು ಮಾಡಿ, ಮಕ್ಕಳ ಜೊತೆ ಮಾತು ಬಿಟ್ಟು ಕೂತಿದ್ದ. 'ಶೆಟ್ಟರೇ, ನನಗೆ ಕಾಣಲಿಲ್ಲ' ಎಂದ ಪುರೋಹಿತ. 'ನಿಮಗೂನಾ?' ಎಂದು ವ್ಯಾಪಾರಿ ಅತ್ತುಬಿಟ್ಟ. ಅದರಾಚೆಯ ಮನೆಯಲ್ಲೂ ಅದೇ ಕತೆ. ಇಡೀ ಊರು ಒಬ್ಬರಿಗೊಬ್ಬರು ಹೇಳದೆ ಸಾಯಲು ತಯಾರಾಗಿ ಕೂತಿತ್ತು. ಮುಂದಿನ ಅಮಾವಾಸ್ಯೆಗೆ ಮತ್ತೆ ಚೀಟಿ ಬರೆದರು. ದೀಪಗಳಿಗೆ ಮರೆ ಬಂತು, ಅರುಂಧತಿಯೂ ಬಂದಳು. ಪುರೋಹಿತನ ಮಗಳ ಮದುವೆ ಮಾತ್ರ ಆಗಿಹೋಗಿತ್ತು.

ಶಿಷ್ಯ ದಡಬಡಿಸಿ ಎದ್ದ. "ತಿಳಿಯಿತು ಗುರುಗಳೇ. ಈಗಲೇ ಹೋಗಿ ಆ ಹೊಸಬನಿಗೆ ನಿಜ ಹೇಳುತ್ತೇನೆ."

"ತನಗೊಬ್ಬನಿಗೇ ಬೆಳಕು ಕಾಣುವುದಿಲ್ಲ ಎಂದು ಹೇಳಿ, ಅವನು ಬೆಳಿಗ್ಗೆಯೇ ಗಂಟು ಕಟ್ಟಿಕೊಂಡು ಹೊರಟುಹೋದ" ಎಂದರು ಗುರು.